ದೇಹದ ಹಗ್ಗದ ಹುರಿ ಬಿಚ್ಚಿ ತೋರಿಸಿದ ಜಿ. ಎನ್. ರಾಮಚಂದ್ರನ್

1954ರಲ್ಲಿ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಇಂದು ಧರ್ಮಪುರಿ ಜಿಲ್ಲೆಯಲ್ಲಿರುವ ಮಾರಂಡಹಳ್ಳಿ ಆಗ ಸೇಲಂ ಜಿಲ್ಲೆಯ ಊರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬೇರೆ ಭಾಷೆ ಎಂಬ ಬಾಳು ನಮ್ಮದೂ ಹೌದು, ಅಲ್ಲಿನ ಕನ್ನಡ ಕುಟುಂಬಗಳದೂ ಹೌದು. ಎರಡು ಊರುಗಳೂ ಆಗ ಮದರಾಸು ರಾಜ್ಯದ ಒಳಗಿದ್ದವು. ಎರಡು ವರ್ಷ ಕಳೆದು, 1956ರ ನವೆಂಬರ್ 1ರಂದು, ನಾವು ಕೇರಳಕ್ಕೆ ಸೇರಿದೆವು, ಅವರು ಮದರಾಸಿನಲ್ಲೇ ಉಳಿದರು. ಆ 1954ರ ಆಗಸ್ಟ್ 7ರಂದು, ನಮ್ಮಿಬ್ಬರಿಗೂ ಆಗಿನ ರಾಜಧಾನಿಯಾಗಿದ್ದ ಮದರಾಸಿನ ವಿಶ್ವವಿದ್ಯಾನಿಲಯದಿಂದ ಹೋದ ಒಂದು ಸಣ್ಣ ಲೇಖನ ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಮನುಷ್ಯನ ಚರ್ಮ, ಎಲುಬು, ನರಗಟ್ಟುಗಳನ್ನು ಬಿಗಿದು ಹಿಡಿದಿರುವ ಹಗ್ಗ ಹೇಗೆ ಹೊಸೆದಿದೆ ಎಂಬುದನ್ನು ಅದು ತಿಳಿಸಿತು. ಬರೆದವರು ಇಬ್ಬರು: ಜಿ. ಎನ್. ರಾಮಚಂದ್ರನ್ ಮತ್ತು ಅವರೊಡನೆ ದುಡಿಯುತ್ತಿದ್ದ ಕೇರಳದ ಗೋಪಿನಾಥ ಕರ್ತಾ.

ರಾಮಚಂದ್ರನ್ ತೀರಿಕೊಂಡು ಎರಡು ದಶಕಗಳ ಮೇಲಾಯಿತು. ವಿಜ್ಞಾನ ಓದಿದವರಿಗೆ ಅವರ ಹೆಸರು ಗೊತ್ತು. ಉಳಿದ ಮನೆಗಳಲ್ಲಿ ಸಿ. ವಿ. ರಾಮನ್ ಹೆಸರು ಕೇಳಿದಷ್ಟು ಈ ಹೆಸರು ಕೇಳಿಲ್ಲವೆಂಬುದು ನಮ್ಮ ಅನುಭವ. ಅವರ ಬದುಕನ್ನು ಹೇಳುವ ಮುನ್ನ ಅವರು ಬಿಚ್ಚಿದ ಗಂಟು ಯಾವುದೆಂದು ತಿಳಿಯಬೇಕು.

ನಮ್ಮ ದೇಹದ ಅಂಗಗಳೆಲ್ಲ ಜೀವಕೋಶಗಳಿಂದ ಆದವು ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಆದರೆ ಕೋಶಗಳನ್ನು ಸುಮ್ಮನೆ ರಾಶಿ ಹಾಕಿದರೆ ಅದು ಮುದ್ದೆಯಾದೀತೇ ಹೊರತು ನಡೆದಾಡುವ ಮನುಷ್ಯ ಆಗಲಾರದು. ಅವುಗಳನ್ನು ಕಟ್ಟಿ, ಹೊದೆಸಿ, ತುಂಬಿ ನಿಲ್ಲಿಸುವ ಸಾಮಗ್ರಿಗೆ ಸಂಯೋಜಕ ಅಂಗಾಂಶ ಎಂದು ಹೆಸರು. ತಾಯಿಯ ಗರ್ಭದಲ್ಲಿ ಭ್ರೂಣವು ಮೂರು ಪದರಗಳಾಗಿ ರೂಪುಗೊಳ್ಳುವಾಗ ನಡುವಿನ ಪದರದಿಂದ ಇದರ ಬಹುಭಾಗ ಹುಟ್ಟುತ್ತದೆ. ಬಗೆಗಳು ಹಲವು. ಚರ್ಮದ ಅಡಿಯಲ್ಲಿ ಹತ್ತಿಯಂತೆ ಸಡಿಲವಾಗಿ ಹರಡಿರುವುದು ಒಂದು. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು, ಎಲುಬನ್ನು ಎಲುಬಿಗೆ ಬಿಗಿಯುವ ಅಸ್ಥಿರಜ್ಜು ಬಿಗಿಯಾಗಿ ಹೊಸೆದ ಬಗೆಗೆ ಸೇರಿದವು. ಹಿಮ್ಮಡಿಯ ಮೇಲೆ ಬೆರಳಿಟ್ಟರೆ ಗಟ್ಟಿ ಹುರಿಯಂತೆ ಸಿಕ್ಕುವುದು ಇಂಥದೇ ರಜ್ಜು. ಕಿವಿಯಲ್ಲಿ, ಮೂಗಿನ ತುದಿಯಲ್ಲಿ ಇರುವ ಮೃದ್ವಸ್ಥಿ, ಕೊಬ್ಬು, ಎಲುಬು ಇವೂ ಅದೇ ಕುಲದವು. ರಕ್ತವನ್ನು ಕೂಡ ವೈದ್ಯರು ಇದೇ ಪಂಕ್ತಿಯಲ್ಲಿ ಕೂರಿಸುತ್ತಾರೆ. ಹರಿಯುವ ರಕ್ತಕ್ಕೂ ಕಲ್ಲಿನಂಥ ಎಲುಬಿಗೂ ಎಂಥ ನೆಂಟಸ್ತಿಕೆ ಎಂದು ಓದುಗರು ಕೇಳಬಹುದು. ಕೋಶಗಳು ಕಡಿಮೆ, ಅವುಗಳ ನಡುವೆ ತುಂಬಿದ ವಸ್ತುವೇ ಹೆಚ್ಚು ಎಂಬುದೇ ಆ ನೆಂಟಸ್ತಿಕೆ. ರಕ್ತದಲ್ಲಿ ಆ ವಸ್ತು ನೀರಾಗಿದೆ, ಎಲುಬಿನಲ್ಲಿ ಸುಣ್ಣದ ಅಂಶ ಸೇರಿ ಗಟ್ಟಿಯಾಗಿದೆ.

ರಕ್ತವನ್ನು ಬಿಟ್ಟು ಉಳಿದ ಬಗೆಗಳಲ್ಲಿ ಎಲ್ಲೆಲ್ಲೂ ಸಿಕ್ಕುವ ಮುಖ್ಯ ನಾರು ಕೊಲಾಜೆನ್ ಎಂಬ ಪ್ರೋಟೀನ್. ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಇದೇ. ಆಡಿನ ಕಾಲಿನ ಸೂಪು ಆರಿದ ಮೇಲೆ ಹೆಪ್ಪುಗಟ್ಟುವುದನ್ನು ಮಾಂಸ ಬೇಯಿಸುವ ಮನೆಯವರು ಕಂಡಿರುತ್ತಾರೆ. ಕುದಿಯುವಾಗ ಹುರಿ ಬಿಚ್ಚಿಹೋದ ಕೊಲಾಜೆನ್ನೇ ಆ ಹೆಪ್ಪು. ಹಸಿ ತೊಗಲನ್ನು ತಂಗಡಿ ತೊಗಟೆಯ ಒಗರಿನಲ್ಲಿ ನೆನೆಸಿ ಹದ ಮಾಡಿದರೆ ಕೊಳೆಯದೆ ಚರ್ಮವಾಗಿ ಉಳಿಯುತ್ತದೆ. ಆ ಒಗರು ಹಿಡಿದುಕೊಳ್ಳುವುದೂ ಕೊಲಾಜೆನ್ನನ್ನೇ. ಹೀಗೆ ಅಡುಗೆಯವರಿಗೂ ಚರ್ಮ ಹದ ಮಾಡುವವರಿಗೂ ಕೈಯಿಂದ ಗೊತ್ತಿದ್ದ ಈ ವಸ್ತುವಿನ ಒಳಗಿನ ಕಟ್ಟೋಣ ಹೇಗಿದೆ ಎಂಬುದು 1950ರ ಸುಮಾರಿಗೆ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಲೈನಸ್ ಪೌಲಿಂಗ್ 1951ರಲ್ಲಿ ಇತರ ಪ್ರೋಟೀನುಗಳ ಸುರುಳಿಯನ್ನು ಕಂಡುಹಿಡಿದು ಕೀರ್ತಿ ಪಡೆದರು. ಅದೇ ವರ್ಷ ಅವರು ಕೊಲಾಜೆನ್ನಿಗೆ ಸೂಚಿಸಿದ ಮಾದರಿ ಮಾತ್ರ ನಿಲ್ಲಲಿಲ್ಲ.

ಇನ್ನು ರಾಮಚಂದ್ರನ್. ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಆಗಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ. ಮನೆಮಾತು ತಮಿಳು, ಊರಿನ ಮಾತು ಮಲಯಾಳಂ. ಇಂಥ ಮನೆಯಲ್ಲಿ ಬೆಳೆಯುವುದು ಎಂದರೇನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು, ಮುಂದೆ ಅಲ್ಲೇ ಪ್ರಾಂಶುಪಾಲರು. ಮಗನಿಗೆ ಗಣಿತದ ರುಚಿ ಹತ್ತಿದ್ದು ಮನೆಯಲ್ಲೇ. ತಿರುಚಿನಾಪಳ್ಳಿಯ ಸೈಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಮುಗಿಸಿ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಮ್ಮಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹಿರಿಯರ ಬಾಯಲ್ಲಿದ್ದ ಸಂಸ್ಥೆ ಅದು. ಸೇರಿದ್ದು ವಿದ್ಯುತ್ ಇಂಜಿನಿಯರಿಂಗ್ ವಿಭಾಗಕ್ಕೆ. ಅಲ್ಲಿ ಭೌತಶಾಸ್ತ್ರದ ಮುಖ್ಯಸ್ಥರಾಗಿದ್ದ ರಾಮನ್ ಈ ಹುಡುಗನನ್ನು ನೋಡಿ, ಆ ವಿಭಾಗಕ್ಕೆ ಇವನು ಬೇಡ, ನನಗೆ ಬೇಕು ಎಂದು ತಮ್ಮ ಕಡೆಗೆ ಎಳೆದುಕೊಂಡರು. ಒಬ್ಬ ಇಂಜಿನಿಯರ್ ಕಡಿಮೆಯಾದ, ದೇಶಕ್ಕೆ ನಷ್ಟವಾಗಲಿಲ್ಲ.

ರಾಮನ್ ಅವರ ಕೈಕೆಳಗೆ ಹರಳುಗಳ ಅಭ್ಯಾಸ, 1947ರಿಂದ ಎರಡು ವರ್ಷ ಕೇಂಬ್ರಿಜ್, 1949ರಲ್ಲಿ ಮತ್ತೆ ಬೆಂಗಳೂರು. 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಭೌತಶಾಸ್ತ್ರಕ್ಕೆ ಮುಖ್ಯಸ್ಥರನ್ನು ಹುಡುಕಿತು. ಆಗಿನ ಉಪಕುಲಪತಿ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಕೇಳಿದ್ದು ರಾಮನ್ ಅವರನ್ನು. ರಾಮನ್ ತೋರಿಸಿದ್ದು ಶಿಷ್ಯನನ್ನು. ಮೂವತ್ತು ತುಂಬುವ ವಯಸ್ಸಿನಲ್ಲಿ ರಾಮಚಂದ್ರನ್ ಗಿಂಡಿಯಲ್ಲಿ ವಿಭಾಗದ ಮುಖ್ಯಸ್ಥರಾಗಿ ಕುಳಿತರು. ಕೇಂಬ್ರಿಜ್ಜಿನಂಥ ಉಪಕರಣಗಳು ಅಲ್ಲಿ ಇರಲಿಲ್ಲ. ಕ್ಷ-ಕಿರಣದ ಪ್ರಯೋಗಾಲಯವನ್ನು ಅವರೇ ಕಟ್ಟಿಕೊಳ್ಳಬೇಕಾಯಿತು.

ಅಷ್ಟರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್ ಮದರಾಸಿಗೆ ಬಂದರು. ಕೊಲಾಜೆನ್ನಿನ ರಚನೆಯ ಬಗ್ಗೆ ಆವರೆಗೆ ಬಂದ ಸಲಹೆಗಳು ಯಾವುವೂ ಸರಿ ಕಾಣುವುದಿಲ್ಲ ಎಂದು ಮಾತಿನ ನಡುವೆ ಹೇಳಿದರು. ರಾಮಚಂದ್ರನ್ ಅದನ್ನು ಹಿಡಿದುಕೊಂಡರು. ಅವರ ವಿಭಾಗದ ನೆರೆಯಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ತೊಗಲಿನ ವ್ಯಾಪಾರಕ್ಕೆ ಹೆಸರಾದ ಮದರಾಸಿನಲ್ಲಿ ಅಂಥ ಸಂಸ್ಥೆ ಇದ್ದುದು ಸಹಜವೇ. ಕೊಲಾಜೆನ್ ಬೇಕೆಂದರೆ ಅದಕ್ಕಿಂತ ಹತ್ತಿರದ ಅಂಗಡಿ ಯಾವುದು! ಅಲ್ಲಿಂದ ಕಾಂಗರೂವಿನ ಬಾಲದ ಸ್ನಾಯುರಜ್ಜು ದೊರೆಯಿತು. ಅದರಲ್ಲಿ ಕೊಲಾಜೆನ್ ಹೆಚ್ಚು ಶುದ್ಧವಾಗಿ, ಎಳೆಗಳು ಒಂದೇ ದಿಕ್ಕಿಗೆ ಸಾಲಾಗಿ ಇರುತ್ತವೆ. ಕ್ಷ-ಕಿರಣ ಹಾಯಿಸಿದರೆ ಫಿಲ್ಮಿನ ಮೇಲೆ ಚುಕ್ಕೆ, ಪಟ್ಟಿಗಳು ಬೀಳುತ್ತವೆ. ಒಳಗಿನ ಅಣುಗಳು ಎಷ್ಟೆಷ್ಟು ದೂರಕ್ಕೆ ಮತ್ತೆ ಮತ್ತೆ ಬರುತ್ತವೆ ಎಂಬುದರ ಸುಳಿವು ಆ ಗುರುತುಗಳಲ್ಲಿ ಇರುತ್ತದೆ. ಕರ್ತಾ ಚಿತ್ರ ತೆಗೆದರು, ಇಬ್ಬರೂ ಲೆಕ್ಕ ಹಾಕಿದರು.

ಚಿತ್ರದ ಜೊತೆಗೆ ಇನ್ನೊಂದು ಸುಳಿವೂ ಅವರಿಗಿತ್ತು. ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳು. ಕೊಲಾಜೆನ್ನಿನಲ್ಲಿ ಸುಮಾರು ಮೂರರಲ್ಲಿ ಒಂದು ಮಣಿ ಗ್ಲೈಸೀನ್, ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು. ಮೂರಕ್ಕೊಂದು ಎಂಬ ಲೆಕ್ಕ ಆಕಸ್ಮಿಕ ಆಗಿರಲಾರದು ಎಂದು ರಾಮಚಂದ್ರನ್ ಹಿಡಿದರು. ಮೂರು ಸರಗಳು ಒಟ್ಟಿಗೆ ಇರಬೇಕು; ಅವು ಸೇರುವ ನಡುವಿನ ಇಕ್ಕಟ್ಟಿನಲ್ಲಿ ದೊಡ್ಡ ಮಣಿ ಹಿಡಿಸದು; ಆದ್ದರಿಂದ ಪ್ರತಿ ಮೂರನೆಯದು ಗ್ಲೈಸೀನ್ ಆಗಿರಲೇಬೇಕು. 1954ರ ಲೇಖನದ ತಿರುಳು ಇದು. ಮರುವರ್ಷ ಅವರೇ ಅದನ್ನು ತಿದ್ದಿದರು: ಮೂರು ಸುರುಳಿಗಳು ನೆಟ್ಟಗೆ ಪಕ್ಕಪಕ್ಕದಲ್ಲಿ ನಿಂತಿಲ್ಲ, ಒಂದರ ಸುತ್ತ ಒಂದು ಹೊಸೆದುಕೊಂಡಿವೆ. ಭೂಮಿಯ ಸುತ್ತ ತಿರುಗುವಾಗ ಚಂದ್ರನು ಸದಾ ಒಂದೇ ಮುಖ ತೋರಿಸುವುದನ್ನು ನೆನೆದಾಗ ಈ ವಿಚಾರ ಹೊಳೆಯಿತೆಂದು ಹೇಳುವುದುಂಟು. ನಮ್ಮ ಕಡೆಯವರಿಗೆ ಚಂದ್ರನವರೆಗೆ ಹೋಗಬೇಕಾಗಿಲ್ಲ, ತೆಂಗಿನ ನಾರಿನ ಹಗ್ಗ ಸಾಕು. ಒಂದೊಂದು ಹುರಿಯನ್ನು ಒಂದು ಕಡೆಗೆ ತಿರುಚಿ, ಮೂರನ್ನೂ ಕೂಡಿಸಿ ಎದುರು ಕಡೆಗೆ ಹೊಸೆದರೆ ಹಗ್ಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಕೊಲಾಜೆನ್ನಿನಲ್ಲಿ ಒಂದೊಂದು ಸರದ ತಿರುಚು ಎಡಕ್ಕೆ, ಮೂರೂ ಸೇರಿದ ಹೊಸೆತ ಬಲಕ್ಕೆ.

ಇಲ್ಲಿಂದ ಜಗಳ ಶುರುವಾಯಿತು. ಡಿ.ಎನ್.ಎ. ರಚನೆಯಿಂದ ಆಗಷ್ಟೇ ಹೆಸರಾಗಿದ್ದ ಫ್ರಾನ್ಸಿಸ್ ಕ್ರಿಕ್, ಅಲೆಗ್ಸಾಂಡರ್ ರಿಚ್ ಜೊತೆ ಸೇರಿ 1955ರಲ್ಲೇ ತಮ್ಮ ಮಾದರಿಯನ್ನು ಪ್ರಕಟಿಸಿದರು. ಅದೂ ಮೂರೆಳೆಯ ಹೊಸೆದ ಹಗ್ಗವೇ. ಆದರೆ ಮದರಾಸಿನವರು ಪ್ರತಿ ಮೂರು ಮಣಿಗಳಿಗೆ ಎಳೆಗಳ ನಡುವೆ ಎರಡು ಹೈಡ್ರೋಜನ್ ಬಂಧ ಹೇಳಿದ್ದರು, ಇವರು ಒಂದೇ ಎಂದರು. ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರ ಹತ್ತಿರ ಬಂದಿವೆ, ಹಾಗೆ ಇರಲು ಸಾಧ್ಯವಿಲ್ಲ ಎಂಬುದು ಅವರ ದೊಡ್ಡ ಆಕ್ಷೇಪ. ದೊಡ್ಡ ಊರಿನ ದೊಡ್ಡ ಹೆಸರಿನವರು ಹೇಳಿದ ಮೇಲೆ ಹೊರದೇಶದ ಅನೇಕ ಪುಸ್ತಕಗಳಲ್ಲಿ ಆ ಮಾದರಿಯೇ ಮುಂದೆ ಬಂತು, ಮದರಾಸು ಹಿಂದೆ ಸರಿಯಿತು. ಒಂದು ಮಾತು ನ್ಯಾಯವಾಗಿ ಹೇಳಬೇಕು. ನೇರ ಬಂಧ ಒಂದೇ ಎಂಬ ವಿಷಯದಲ್ಲಿ ಕ್ರಿಕ್ ಮತ್ತು ರಿಚ್ ಹೇಳಿದ್ದೇ ಸರಿ. 1994ರಲ್ಲಿ ಕೊಲಾಜೆನ್ನಿನಂಥ ತುಣುಕಿನ ಹರಳನ್ನು ನಿಖರವಾಗಿ ಅಳೆದಾಗ ಅದು ಖಚಿತವಾಯಿತು. ಎಳೆಗಳ ನಡುವೆ ನೀರಿನ ಅಣುಗಳು ಸೇತುವೆಯಂತೆ ಕೂತಿರುವುದೂ ಅದೇ ಹರಳಿನಲ್ಲಿ ಕಂಡಿತು. ಎರಡನೆಯ ಕೊಂಡಿ ನೀರಿನ ಮೂಲಕ ಇರಬಹುದೆಂದು ರಾಮಚಂದ್ರನ್ 1968ರಲ್ಲೇ ಸೂಚಿಸಿದ್ದರು. ಆದರೆ ಮೂರೆಳೆ ಎಂಬುದನ್ನೂ, ಮೂರಕ್ಕೊಂದು ಗ್ಲೈಸೀನ್ ಏಕೆಂಬುದನ್ನೂ ಮೊದಲು ಸರಿಯಾಗಿ ಕಂಡವರು ಮದರಾಸಿನವರು. ಆ ಪಾಲನ್ನು ಅವರಿಂದ ಕಿತ್ತುಕೊಳ್ಳುವುದು ಸಲ್ಲದೆಂದು ನಮಗೆ ಅನ್ನಿಸುತ್ತದೆ.

ಟೀಕೆಯಿಂದ ರಾಮಚಂದ್ರನ್ ನೊಂದರು. ನೊಂದವರು ಸುಮ್ಮನೆ ಕೂರಲಿಲ್ಲ, ಪ್ರತಿಯಾಗಿ ಬೈಗುಳದ ಪತ್ರಗಳನ್ನೂ ಬರೆಯುತ್ತ ಹೋಗಲಿಲ್ಲ. ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು ಎಂಬ ಪ್ರಶ್ನೆಯನ್ನೇ ಮೊದಲಿನಿಂದ ಕೈಗೆತ್ತಿಕೊಂಡರು. ಅದುವರೆಗೆ ಅಳೆದಿದ್ದ ಹರಳುಗಳ ಲೆಕ್ಕಗಳನ್ನೆಲ್ಲ ಜಾಲಾಡಿ ಕನಿಷ್ಠ ದೂರಗಳ ಪಟ್ಟಿ ಮಾಡಿದರು. ಪ್ರೋಟೀನಿನ ಸರ ಪ್ರತಿ ಮಣಿಯ ಬಳಿ ಎರಡು ಕಡೆ ತಿರುಗಬಲ್ಲದು. ಆ ಎರಡು ಕೋನಗಳನ್ನು ಒಂದು ಚೌಕದ ಎರಡು ಬದಿಗಳಲ್ಲಿ ಗುರುತಿಸಿ, ಪರಮಾಣುಗಳು ಡಿಕ್ಕಿ ಹೊಡೆಯದೆ ಇರಬಲ್ಲ ಜಾಗಗಳನ್ನು ಬೇರೆ ಮಾಡಿದರು. ಚೌಕದ ಬಹುಪಾಲು ನಿಷಿದ್ಧ, ಅಲ್ಲಲ್ಲಿ ಕೆಲವು ದ್ವೀಪಗಳಷ್ಟೇ ಸಮ್ಮತ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ಈ ನಕ್ಷೆಗೆ ರಾಮಚಂದ್ರನ್ ನಕ್ಷೆ ಎಂದೇ ಹೆಸರು. ಇಂದು ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಹೊಸ ಪ್ರೋಟೀನಿನ ರಚನೆ ಕಂಡುಹಿಡಿದರೂ ಅದು ಸರಿಯೋ ತಪ್ಪೋ ಎಂದು ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಆಕ್ಷೇಪ ಎತ್ತಿದವರ ನಾಡಿನಲ್ಲೂ ಅಷ್ಟೇ.

ಇದರಿಂದ ಸಾಮಾನ್ಯರಿಗೇನು ಎಂದು ಕೇಳುವವರಿಗಾಗಿ ಮತ್ತೆ ಮಾರಂಡಹಳ್ಳಿಯ ಕಡೆಗೆ ಹೋಗೋಣ. ಅದು ಇರುವ ಧರ್ಮಪುರಿ ಜಿಲ್ಲೆಯಲ್ಲಿ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಕಾಣುತ್ತದೆ. ಪ್ರಮಾಣ ತುಂಬ ಹೆಚ್ಚಾದಲ್ಲಿ, ಬಾಗಬೇಕಾದ ರಜ್ಜುಗಳಲ್ಲಿ ಸುಣ್ಣದ ಅಂಶ ಕೂತು ಅವು ಎಲುಬಿನಂತೆ ಬಿಗಿಯುತ್ತವೆ. ಬೆನ್ನು ಬಗ್ಗದು, ಕುತ್ತಿಗೆ ತಿರುಗದು. ಹಗ್ಗ ಹಗ್ಗವಾಗಿಯೇ ಉಳಿಯಬೇಕು, ಕೋಲಾದರೆ ಮನುಷ್ಯ ನಡೆಯಲಾರ. ಇದಕ್ಕೆ ಮದ್ದಿಗಿಂತ ಒಳ್ಳೆಯ ನೀರೇ ಪರಿಹಾರ. ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ಲಿನ ಕಾವೇರಿ ನೀರನ್ನು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಒಯ್ಯುವ ಯೋಜನೆ 2013ರಲ್ಲಿ ಉದ್ಘಾಟನೆಯಾದದ್ದು ಈ ರೋಗದ ಹೆಸರು ಹೇಳಿಕೊಂಡೇ. ಇನ್ನೊಂದು ರೋಗ ಹಳೆಯ ಹಡಗಿನವರದು. ತಾಜಾ ಹಣ್ಣು ತರಕಾರಿ ಇಲ್ಲದ ನಾವಿಕರ ವಸಡು ಒಸರುತ್ತಿತ್ತು, ಮಾಗಿದ ಗಾಯ ಮತ್ತೆ ಬಿರಿಯುತ್ತಿತ್ತು. ಕೊಲಾಜೆನ್ನಿನ ಮೂರೆಳೆ ಗಟ್ಟಿಯಾಗಿ ನಿಲ್ಲಲು ಸಿ ಜೀವಸತ್ವ ಬೇಕು ಎಂಬುದೇ ಅದರ ಕಾರಣ. ನೆಲ್ಲಿಕಾಯಿ, ಪೇರಳೆ ಕೈಗೆಟಕುವ ನಮ್ಮ ಮನೆಗಳಿಗೆ ಆ ಭಯ ಕಡಿಮೆ.

ರಾಮಚಂದ್ರನ್ ಅಷ್ಟಕ್ಕೇ ನಿಲ್ಲಲಿಲ್ಲ. 1970ರ ಹೊತ್ತಿಗೆ ಮದರಾಸನ್ನು ಬಿಟ್ಟು, ಕೆಲಕಾಲ ಶಿಕಾಗೋದಲ್ಲೂ ಕಲಿಸುತ್ತ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರದ ವಿಭಾಗವನ್ನು ಹುಟ್ಟುಹಾಕಿದರು. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ ಪ್ರಕಟಿಸಿದ ಲೆಕ್ಕದ ವಿಧಾನ, ಹಲವು ಕೋನಗಳಿಂದ ತೆಗೆದ ಕ್ಷ-ಕಿರಣ ಚಿತ್ರಗಳಿಂದ ಒಳಗಿನ ರೂಪವನ್ನು ಮರಳಿ ಕಟ್ಟುವುದಕ್ಕೆ ದಾರಿ ಮಾಡಿತು. ಮಂಗಳೂರಿನ ಆಸ್ಪತ್ರೆಗೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡು ಬರುವ ನಮ್ಮವರಿಗೆ, ಆ ಯಂತ್ರದ ಗಣಿತದಲ್ಲಿ ಎರ್ನಾಕುಲದ ಹುಡುಗನ ಪಾಲೂ ಇದೆಯೆಂದು ತಿಳಿದಿರಲಾರದು. ಕೊನೆಕೊನೆಗೆ ಭಾರತೀಯ ತರ್ಕಶಾಸ್ತ್ರದತ್ತ ಹೊರಳಿ, ಜೈನರ ಸ್ಯಾದ್ವಾದವನ್ನು ಗಣಿತಕ್ಕೆ ಇಳಿಸಲು ಹೊರಟರು. ಕರ್ನಾಟಕ ಸಂಗೀತವೆಂದರೆ ಪ್ರಾಣ.

1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಹರಳುವಿಜ್ಞಾನದ ಎವಾಲ್ಡ್ ಪ್ರಶಸ್ತಿ ಬಂದವು. ನೊಬೆಲ್ ಬರಲಿಲ್ಲ. 1945ರಿಂದ ಜೊತೆಗಿದ್ದ ಪತ್ನಿ ರಾಜಲಕ್ಷ್ಮಿ 1998ರಲ್ಲಿ ಅಗಲಿದರು. ಮನಸ್ಸಿನ ಬೇನೆ ಅವರನ್ನು ಬಹುಕಾಲ ಕಾಡಿತ್ತು, ಮುಪ್ಪಿನಲ್ಲಿ ಪಾರ್ಕಿನ್ಸನ್ ರೋಗವೂ ಸೇರಿತು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ರಾಮಚಂದ್ರನ್ ತೀರಿಕೊಂಡರು. ಜೊತೆಗಾರ ಕರ್ತಾ ಅದಕ್ಕೂ ಮೊದಲೇ, 1984ರಲ್ಲಿ, ಹೋಗಿದ್ದರು.