ಇ ಮೈನರ್ ಕೃತಿಯಲ್ಲಿ ಉಳಿದ ಮೈಸೂರಿನ ಹೆಸರು

ಮೈಸೂರು ಸಂಸ್ಥಾನದ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ ಅವರು ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂದು ನಾಡಿಗೆ ಪರಿಚಿತರು. ಆದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಅವರು ಸಲ್ಲಿಸಿದ ಸೇವೆ ನಮ್ಮಲ್ಲಿ ಚರ್ಚೆಯಾದದ್ದು ಕಡಿಮೆ.

1919ರ ಜುಲೈ 18ರಂದು ಜನಿಸಿದ ಒಡೆಯರ್ ಅವರಿಗೆ ಪಿಯಾನೊ ವಾದಕರಾಗಬೇಕೆಂಬ ಹಂಬಲವಿತ್ತು. 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ನಿಧನರಾದರು. 21ರ ತರುಣನ ಹೆಗಲಿಗೆ ರಾಜ್ಯಭಾರ ಬಿದ್ದಿತು. ವೇದಿಕೆಯ ಕನಸು ಅಲ್ಲಿಗೇ ನಿಂತಿತು.

ಸಂಗೀತ ಮಾತ್ರ ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಅವರಿಗೆ ದೊರೆಯಿತು. ಆಸ್ಥಾನದ ವಿದ್ವಾಂಸರಾದ ಮೈಸೂರು ವಾಸುದೇವಾಚಾರ್ಯ, ವೀಣೆ ವೆಂಕಟಗಿರಿಯಪ್ಪ ಅವರ ಸಾನ್ನಿಧ್ಯದಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿ, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು.

ಇದೇ ಕಾಲದಲ್ಲಿ ಅವರ ಮನಸ್ಸನ್ನು ಸೆಳೆದವರು ರಷ್ಯಾ ತೊರೆದು ಲಂಡನ್‌ನಲ್ಲಿ ನೆಲೆಸಿದ್ದ ಸಂಗೀತಕಾರ ನಿಕೊಲಾಯ್ ಮೆಟ್ನರ್. ಪಿಯಾನೊ ಹಾಗೂ ವಾದ್ಯವೃಂದಕ್ಕಾಗಿ ಮೆಟ್ನರ್ ಬರೆದ ಕಾನ್ಸರ್ಟೊಗಳು ಮೂರು. ಮೊದಲೆರಡು ಸಿ ಮೈನರ್‌ನಲ್ಲಿವೆ, ಮೂರನೆಯದು ಇ ಮೈನರ್‌ನಲ್ಲಿ. ಮೈನರ್ ಎಂದರೆ ಗಾಂಧಾರ ಕೋಮಲವಾಗಿರುವ ಸ್ವರಶ್ರೇಣಿ. ಅದರ ಸಹಜ ರೂಪದ ಸ್ವರಗಳು ನಮ್ಮ 20ನೇ ಮೇಳಕರ್ತ ನಟಭೈರವಿಗೆ ಹೊಂದುತ್ತವೆ. ನಿಷಾದವನ್ನು ಏರಿಸಿದರೆ 21ನೇ ಮೇಳ ಕೀರವಾಣಿಯಾಗುತ್ತದೆ. ಸಾಮ್ಯ ಸ್ವರಗಳಿಗಷ್ಟೇ ಸೀಮಿತ. ನಮ್ಮಲ್ಲಿ ಗಮಕ, ಸಂಚಾರಗಳು ರಾಗವನ್ನು ರೂಪಿಸಿದರೆ, ಅಲ್ಲಿ ಹಲವು ಸ್ವರಗಳು ಏಕಕಾಲಕ್ಕೆ ಮೊಳಗಿ ಭಾವವನ್ನು ಕಟ್ಟುತ್ತವೆ.

ಸಂಗೀತ ಲೋಕ ಹೊಸ ಪ್ರಯೋಗಗಳತ್ತ ಹೊರಳಿದ್ದಾಗ ಮೆಟ್ನರ್ ಹಳೆಯ ಶ್ರುತಿ ವ್ಯವಸ್ಥೆಯನ್ನು ಬಿಡಲಿಲ್ಲ. ಹಾಗಾಗಿ ಅವರು ಮೂಲೆಗುಂಪಾಗಿದ್ದರು, ಆರೋಗ್ಯವೂ ಕೆಟ್ಟಿತ್ತು. ಅಂತಹ ಹೊತ್ತಿನಲ್ಲಿ ಒಡೆಯರ್ ಹಣ ಒದಗಿಸಿ, ಮೆಟ್ನರ್ ಅವರ ರಚನೆಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವ ಯೋಜನೆ ಆರಂಭಿಸಿದರು. 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲು ಕೇಳಿಬಂದಿದ್ದ ಇ ಮೈನರ್ ಕಾನ್ಸರ್ಟೊ, 1947ರಲ್ಲಿ ಫಿಲ್‌ಹಾರ್ಮೊನಿಯಾ ವಾದ್ಯವೃಂದದೊಡನೆ ಮುದ್ರಣಗೊಂಡಿತು. ಮೆಟ್ನರ್ ಆ ಕೃತಿಯನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು.

1948ರಲ್ಲಿ ಒಡೆಯರ್ ಫಿಲ್‌ಹಾರ್ಮೊನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಲಂಡನ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗ ನಡೆದದ್ದೂ ಅವರ ನೆರವಿನಿಂದಲೇ. ಅದನ್ನು ಕೇಳಲು ಅವರಿಗೆ ಹೋಗಲಾಗಲಿಲ್ಲ.

ಅಷ್ಟರಲ್ಲಿ ಸಂಸ್ಥಾನ ಭಾರತ ಒಕ್ಕೂಟ ಸೇರಿತ್ತು, ರಾಜನ ಬೊಕ್ಕಸವೂ ಮೊದಲಿನಂತಿರಲಿಲ್ಲ. ಎಲ್ಲ ರಚನೆಗಳ ಮುದ್ರಣ ಮುಗಿಯುವ ಮೊದಲೇ, 1951ರ ನವೆಂಬರ್ 13ರಂದು ಮೆಟ್ನರ್ ಕಣ್ಮುಚ್ಚಿದರು.

1956ರಲ್ಲಿ ಏಕೀಕರಣವಾದಾಗ ಒಡೆಯರ್ ರಾಜ್ಯಪಾಲರಾದರು. ರಾಣೆಬೆನ್ನೂರು ಸೀಮೆಯ ಮೇಡ್ಲೇರಿಯಂತಹ, ಅಲ್ಲಿಯವರೆಗೆ ಮುಂಬೈ ರಾಜ್ಯದಲ್ಲಿದ್ದ ಊರುಗಳಿಗೂ ಅವರು ರಾಜ್ಯಪಾಲರೇ. 1974ರ ಸೆಪ್ಟೆಂಬರ್ 23ರಂದು, 55ನೇ ವಯಸ್ಸಿನಲ್ಲಿ ನಿಧನರಾದರು.

ಪಿಯಾನೊ ವಾದಕನಾಗುವ ಅವಕಾಶ ಅವರಿಗೆ ಸಿಗಲಿಲ್ಲ. ಆದರೆ ಮರೆಯಾಗಬಹುದಾಗಿದ್ದ ಒಬ್ಬ ಪಿಯಾನೊ ವಾದಕನ ಬೆರಳುಗಳ ನಾದ ಇಂದಿಗೂ ಕೇಳಸಿಗುತ್ತಿದ್ದರೆ, ಅದಕ್ಕೆ ಅವರೇ ಕಾರಣ.