ಕಡಲನ್ನು ಅಳೆದ ಸರ್ಕಾರಿ ನೌಕರ

ಸೇವೆಯಲ್ಲಿದ್ದಾಗ ನಾನು ವಿಲೇವಾರಿ ಮಾಡಿದ ಕಡತವೊಂದು ಇಂದಿಗೂ ನನ್ನನ್ನು ಕಾಡುತ್ತದೆ. ಕರಾವಳಿಯಲ್ಲಿ ಕೆಲಸ ಮಾಡುತ್ತಿದ್ದ ಸಹಾಯಕ ಎಂಜಿನಿಯರೊಬ್ಬರು ಕಡಲತೀರದ ಎಂಜಿನಿಯರಿಂಗ್ ವಿಷಯದಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆಂದು ಎರಡು ವರ್ಷ ರಜೆ ಕೋರಿದ್ದರು. ಸಿಬ್ಬಂದಿಯ ಕೊರತೆ ಇದೆ, ಕಡಲ್ಕೊರೆತ ತಡೆಯಲು ಕಲ್ಲು ಸುರಿಸುವವರಿಗೆ ಮತ್ತೊಂದು ಪದವಿ ಅನಗತ್ಯ ಎಂದು ಟಿಪ್ಪಣಿ ಬರೆದು ಅರ್ಜಿಯನ್ನು ತಿರಸ್ಕರಿಸಿದೆ. ಅರ್ಥಶಾಸ್ತ್ರ ಓದಿದ ನನಗೆ ವೆಚ್ಚ ಕಂಡಷ್ಟು ಬೇಗ ಪ್ರಯೋಜನ ಕಾಣಲಿಲ್ಲ. ನಿವೃತ್ತಿಯ ನಂತರ ಡಚ್ ಎಂಜಿನಿಯರ್ ಯೋಹಾನ್ ವಾನ್ ವೇನ್ ಅವರ ಬಗ್ಗೆ ಓದುವಾಗ ಆ ಟಿಪ್ಪಣಿ ನೆನಪಾಯಿತು.

ನೆದರ್ಲೆಂಡ್ಸ್‌ನ ಉತ್ತರದಂಚಿನ ಗ್ರೋನಿಂಗೆನ್ ಪ್ರಾಂತ್ಯದಲ್ಲಿ 1893ರಲ್ಲಿ ಹುಟ್ಟಿದ ವಾನ್ ವೇನ್, ಡೆಲ್ಫ್ಟ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1929ರಲ್ಲಿ ಸರ್ಕಾರದ ಜಲಕಾಮಗಾರಿ ಇಲಾಖೆಯಾದ ರೈಕ್ಸ್‌ವಾಟರ್‌ಸ್ಟಾಟ್ ಸೇರಿದರು. ಕಚೇರಿಯಲ್ಲಿ ಕುಳಿತು ನಕ್ಷೆ ನೋಡುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಜಲಸಂಧಿಯಲ್ಲಿ ನೀರಿನ ಸೆಳೆತವನ್ನೂ ತಳದ ಮರಳಿನ ಚಲನೆಯನ್ನೂ ಅಳೆದರು. ತಳದ ಮಣ್ಣನ್ನು ಬಾಚಿ ಮೇಲೆತ್ತಲು ಅವರು ರೂಪಿಸಿದ ಉಪಕರಣವನ್ನು ಸಾಗರ ವಿಜ್ಞಾನಿಗಳು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಈ ಅಳತೆಗಳನ್ನೇ ಪ್ರಬಂಧವಾಗಿಸಿ 1936ರಲ್ಲಿ, ನಲವತ್ತೆರಡರ ವಯಸ್ಸಿನಲ್ಲಿ, ಲೇಡನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ನೌಕರಿ ಬಿಟ್ಟು ಮಾಡಿದ ಸಂಶೋಧನೆ ಅದಲ್ಲ, ನೌಕರಿಯೇ ಸಂಶೋಧನೆಯಾಗಿತ್ತು.

ಅಳಿವೆಗಳಲ್ಲಿ ಉಬ್ಬರವಿಳಿತದ ನೀರು ಹರಿಯುವುದನ್ನು ತಂತಿಯಲ್ಲಿ ವಿದ್ಯುತ್ ಹರಿಯುವುದಕ್ಕೆ ಹೋಲಿಸಿ ಲೆಕ್ಕ ಹಾಕಬಹುದೆಂದು ಅವರು ತೋರಿಸಿಕೊಟ್ಟರು. ಇದೇ ತತ್ವದ ಮೇಲೆ ನಿರ್ಮಾಣವಾದ ಡೆಲ್ಟಾರ್ ಎಂಬ ಗಣಕಯಂತ್ರ ಕೆಲಸ ಆರಂಭಿಸಿದ್ದು ಅವರ ಮರಣಾನಂತರ.

ಲೆಕ್ಕಾಚಾರದ ಫಲ ಹಿತಕರವಾಗಿರಲಿಲ್ಲ. 1939ರಲ್ಲಿ ರಚನೆಯಾದ ಬಿರುಗಾಳಿ ಪ್ರವಾಹ ಸಮಿತಿಯ ಕಾರ್ಯದರ್ಶಿಯಾಗಿದ್ದ ಅವರಿಗೆ ನೈರುತ್ಯ ಭಾಗದ ಕಡಲೊಡ್ಡುಗಳು ಅಪಾಯಕರವಾಗಿ ತಗ್ಗಿವೆ ಎಂಬುದು ಸ್ಪಷ್ಟವಾಗಿತ್ತು. ಆದರೆ ಮೊದಲು ಯುದ್ಧ, ಆಮೇಲೆ ಪುನರ್ನಿರ್ಮಾಣ. ಒಡ್ಡುಗಳಿಗೆ ಹಣ ಒದಗಲಿಲ್ಲ, ಜನರಿಗೂ ಅಪಾಯದ ಅರಿವಿರಲಿಲ್ಲ. ಮೇಲಿಂದ ಮೇಲೆ ಅದನ್ನೇ ಹೇಳುವ ಅಧಿಕಾರಿ ಯಾವ ಇಲಾಖೆಗೂ ಪ್ರಿಯನಾಗುವುದಿಲ್ಲ. ಗ್ರೀಕ್ ಪುರಾಣದಲ್ಲಿ ಯಾರೂ ನಂಬದ ಭವಿಷ್ಯವನ್ನು ನುಡಿದ ಕಸಾಂಡ್ರಾಳ ಹೆಸರನ್ನೇ ಅವರು ಗುಪ್ತನಾಮವಾಗಿ ಇಟ್ಟುಕೊಂಡಿದ್ದರು.

1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿತು. ಮಲಗಿದ್ದ ಊರುಗಳಿಗೆ ನೀರು ನುಗ್ಗಿ ಆ ದೇಶವೊಂದರಲ್ಲೇ 1,836 ಮಂದಿ ಸತ್ತರು. ಅಳಿವೆಗಳಿಗೆ ಅಡ್ಡಗಟ್ಟೆ ಕಟ್ಟುವ ಆಲೋಚನೆ ವಾನ್ ವೇನ್ ಅವರ ಕಡತಗಳಲ್ಲಿ ಆ ಹೊತ್ತಿಗಾಗಲೇ ಸಿದ್ಧವಿತ್ತು. ಅದೇ ಫೆಬ್ರುವರಿಯಲ್ಲಿ ನೇಮಕವಾದ ಡೆಲ್ಟಾ ಆಯೋಗಕ್ಕೆ ಅವರೇ ಕಾರ್ಯದರ್ಶಿಯಾದರು. 1958ರಲ್ಲಿ ಡೆಲ್ಟಾ ಕಾಯ್ದೆ ಬಂತು. ಮರುವರ್ಷ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು, ರೈಲು ಪ್ರಯಾಣದ ನಡುವೆ. ಪೂರ್ವ ಶೆಲ್ಟ್ ಅಳಿವೆಯ ಬೃಹತ್ ತಡೆಗೋಡೆ ಉದ್ಘಾಟನೆಯಾದದ್ದು 1986ರಲ್ಲಿ. ಅಷ್ಟರೊಳಗೆ ಮೂಲ ಯೋಜನೆಯೂ ಬದಲಾಗಿತ್ತು: ಮೀನು, ಸಿಂಪಿಗಳಿಗಾಗಿ ಅಳಿವೆಯನ್ನು ತೆರೆದಿಟ್ಟು, ಬಿರುಗಾಳಿ ಬಂದಾಗ ಮಾತ್ರ ಮುಚ್ಚುವ ಬಾಗಿಲುಗಳನ್ನು ಅಳವಡಿಸಲಾಯಿತು.

ಡಚ್ಚರ ಇನ್ನೊಂದು ನಿರ್ಧಾರವನ್ನೂ ಇಲ್ಲಿ ನೆನೆಯಬೇಕು. ಅಭಿವೃದ್ಧಿಶೀಲ ದೇಶಗಳ ಸೇವಾನಿರತ ಎಂಜಿನಿಯರುಗಳಿಗಾಗಿ 1957ರಲ್ಲಿ ಡೆಲ್ಫ್ಟ್‌ನಲ್ಲಿ ಜಲ ಎಂಜಿನಿಯರಿಂಗ್‌ನ ಸ್ನಾತಕೋತ್ತರ ತರಬೇತಿ ಆರಂಭವಾಯಿತು. ಇಂದು ಐಎಚ್‌ಇ ಡೆಲ್ಫ್ಟ್ ಎನಿಸಿರುವ ಆ ಸಂಸ್ಥೆಗೆ ಓದಲು ಬರುವವರು, ವಾನ್ ವೇನ್ ಅವರಂತೆಯೇ, ತಮ್ಮ ತೀರದ ಸಮಸ್ಯೆಯನ್ನು ಜೊತೆಗೇ ತರುವವರು.

ನಾನು ರಜೆ ನಿರಾಕರಿಸಿದ ಎಂಜಿನಿಯರ್ ಕೆಲವೇ ತಿಂಗಳಲ್ಲಿ ಒಳನಾಡಿಗೆ ವರ್ಗವಾದರು. ಅವರು ನಾಲೆ ದುರಸ್ತಿಯ ಕೆಲಸದಲ್ಲೇ ನಿವೃತ್ತರಾದರೆಂದು ಕೇಳಿದ್ದೇನೆ.