ಜೀವದ ಅಕ್ಷರಗಳನ್ನು ಪೋಣಿಸಿದ ರಸಾಯನತಜ್ಞ

ತೆರಕಣಾಂಬಿಯ ಸುತ್ತಮುತ್ತಲ ಹಳ್ಳಿಗಳ ಮಕ್ಕಳಿಗೆ ಹಲವು ವರ್ಷ ವಿಜ್ಞಾನ ಹೇಳಿಕೊಟ್ಟ ನನಗೆ ಹರಗೋಬಿಂದ ಖುರಾನಾ ಅವರ ಹೆಸರು ಬಂದಾಗಲೆಲ್ಲ ಒಂದು ಅಸಮಾಧಾನ ಕಾಡುತ್ತದೆ. 1968ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಡೆದ ಭಾರತ ಸಂಜಾತ ಎಂಬ ಒಂದೇ ಸಾಲನ್ನು ಹುಡುಗರು ಪರೀಕ್ಷೆಗೆಂದು ಉರು ಹೊಡೆಯುತ್ತಾರೆ. ಅವರು ಮಾಡಿದ ಕೆಲಸವೂ ಆ ಸಾಲಿನಲ್ಲಿಲ್ಲ, ನಾವು ಅವರನ್ನು ಉಳಿಸಿಕೊಳ್ಳಲಾಗದ ಕಥೆಯೂ ಇಲ್ಲ.

ಖುರಾನಾ 1922ರಲ್ಲಿ ಜನಿಸಿದ ರಾಯಪುರ ಈಗ ಪಾಕಿಸ್ತಾನದಲ್ಲಿದೆ. ತಂದೆ ಪಟವಾರಿ; ನಮ್ಮ ಕಡೆಯ ಶಾನುಭೋಗರಂತೆ ಊರಿನ ಕಂದಾಯದ ಲೆಕ್ಕ ಬರೆಯುತ್ತಿದ್ದವರು. ಸುಮಾರು ನೂರು ಜನರಿದ್ದ ಆ ಹಳ್ಳಿಯಲ್ಲಿ ಓದು ಬರಹ ಬಲ್ಲ ಕುಟುಂಬವೆಂದರೆ ಹೆಚ್ಚು ಕಡಿಮೆ ಅವರದೊಂದೇ. ಬಡತನವಿದ್ದರೂ ತಂದೆ ಮಕ್ಕಳ ಓದು ಬಿಡಿಸಲಿಲ್ಲ. ಮುಲ್ತಾನಿನ ಶಾಲೆ, ಲಾಹೋರಿನ ವಿಶ್ವವಿದ್ಯಾಲಯ, 1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಲಿವರ್‌ಪೂಲ್, 1948ರಲ್ಲಿ ಡಾಕ್ಟರೇಟ್, ಬಳಿಕ ಜ್ಯೂರಿಕ್‌ನಲ್ಲಿ ಸಂಬಳವಿಲ್ಲದ ಸಂಶೋಧನೆ. 1949ರಲ್ಲಿ ಮರಳಿ ಬಂದಾಗ ಹುಟ್ಟೂರು ಗಡಿಯಾಚೆಗೆ ಸೇರಿತ್ತು, ಸ್ವದೇಶದಲ್ಲಿ ತಕ್ಕ ಕೆಲಸ ಸಿಗಲಿಲ್ಲ. ಮತ್ತೆ ಕೇಂಬ್ರಿಜ್‌ಗೆ ಹೋಗಿ ಅಲೆಗ್ಸಾಂಡರ್ ಟಾಡ್ ಅವರ ಪ್ರಯೋಗಾಲಯ ಸೇರಿದರು. ನ್ಯೂಕ್ಲಿಯಿಕ್ ಆಮ್ಲಗಳ ನಂಟು ಬೆಳೆದದ್ದು ಅಲ್ಲಿ. ವಿಭಜನೆಯ ಗಾಯದಲ್ಲಿದ್ದ ಹೊಸ ದೇಶವನ್ನು ಇದಕ್ಕಾಗಿ ಬೈಯುವುದು ಸುಲಭ, ನಾನು ಬೈಯಲಾರೆ. ಆದರೆ ಅವರು ನಮ್ಮವರೆಂದು ಬೀಗುವಾಗ ಈ ವರ್ಷವನ್ನು ಮರೆಯುವುದು ಸರಿಯಲ್ಲ.

1952ರಲ್ಲಿ ಕೆನಡದ ವ್ಯಾಂಕೂವರ್ ಅವರಿಗೆ ನೆಲೆ ಕೊಟ್ಟಿತು. 1959ರಲ್ಲಿ ಮೊಫಾಟ್ ಜೊತೆಗೂಡಿ ಜೀವಕೋಶಕ್ಕೆ ಅತ್ಯಗತ್ಯವಾದ ಕೋಎನ್‌ಜೈಮ್ ‘ಎ’ ತಯಾರಿಸಿದಾಗ ಜಗತ್ತು ತಿರುಗಿ ನೋಡಿತು. ಮರುವರ್ಷ ಅಮೆರಿಕದ ವಿಸ್ಕಾನ್ಸಿನ್‌ಗೆ ಹೋದರು.

ಆಗ ಅಣುಜೀವವಿಜ್ಞಾನದ ದೊಡ್ಡ ಒಗಟು ಆನುವಂಶಿಕ ಸಂಕೇತ. ಆರ್‌ಎನ್‌ಎಯಲ್ಲಿ ಇರುವುದು ನಾಲ್ಕೇ ಅಕ್ಷರ. ಪ್ರೋಟೀನಿಗೆ ಬೇಕಾದ ಅಮೈನೋ ಆಮ್ಲಗಳು ಇಪ್ಪತ್ತು. ಮೂರು ಮೂರು ಅಕ್ಷರಗಳ ಪದಗಳಾದರೆ 64 ಸಾಧ್ಯ. ಯಾವ ಪದಕ್ಕೆ ಯಾವ ಅರ್ಥ? ಮೊದಲ ಪದವನ್ನು 1961ರಲ್ಲಿ ಓದಿದವರು ನಿರೆನ್‌ಬರ್ಗ್ ಮತ್ತು ಮಥಾಯ್. ಖುರಾನಾ ಹಿಡಿದದ್ದು ರಸಾಯನತಜ್ಞನ ದಾರಿ: ಓದಬೇಕಾದ ವಾಕ್ಯವನ್ನು ತಾವೇ ಬರೆಯುವುದು. ಅಣುವಿನ ಒಂದು ತುದಿ ಕೂಡುವಾಗ ಉಳಿದ ಭಾಗಗಳು ಕೂಡದಂತೆ ಮುಚ್ಚಬೇಕು, ಜೋಡಿಸಬೇಕು, ಮುಚ್ಚಳ ತೆಗೆಯಬೇಕು, ಶುದ್ಧಗೊಳಿಸಬೇಕು. ಮತ್ತೆ ಮುಂದಿನ ಅಕ್ಷರ. ಹೀಗೆ ಚಿಕ್ಕ ಡಿಎನ್‌ಎ ತುಣುಕುಗಳನ್ನು ಕಟ್ಟಿ, ಕಿಣ್ವಗಳಿಂದ ಉದ್ದ ಸರಗಳನ್ನು ಪಡೆದರು. ಹೂವಾಡಗಿತ್ತಿ ಎರಡು ಬಣ್ಣದ ಹೂಗಳನ್ನು ಒಂದಾದ ಮೇಲೊಂದು ಪೋಣಿಸುವಂತೆ, ಯು ಮತ್ತು ಸಿ ಮಾತ್ರ ಸರದಿಯಲ್ಲಿ ಬರುವ ಆರ್‌ಎನ್‌ಎ ಸಿದ್ಧವಾಯಿತು. ಅದನ್ನು ಮೂರು ಮೂರಾಗಿ ಓದಿದರೆ ಯುಸಿಯು, ಸಿಯುಸಿ ಎಂಬೆರಡೇ ಪದಗಳು. ಹೊರಬಂದ ಸರಪಳಿಯಲ್ಲಿಯೂ ಸೆರೀನ್, ಲ್ಯೂಸೀನ್ ಎರಡೇ, ಸರದಿ ತಪ್ಪದೆ! ಇಷ್ಟು ಸ್ವಚ್ಛವಾದ ಉತ್ತರ ವಿಜ್ಞಾನದಲ್ಲಿ ಅಪರೂಪ. ನೊಬೆಲ್ ಅನ್ನು ನಿರೆನ್‌ಬರ್ಗ್ ಮತ್ತು ಹಾಲಿ ಜೊತೆ ಹಂಚಿಕೊಂಡದ್ದು ನ್ಯಾಯವೇ. ಆ ಸಂಕೇತವನ್ನು ಒಬ್ಬರೇ ಬಿಡಿಸಲಿಲ್ಲ.

ಬಹುಮಾನದ ಬಳಿಕವೂ ಅವರು ವಿಶ್ರಮಿಸಲಿಲ್ಲ. 1970ರಲ್ಲಿ ಯೀಸ್ಟ್‌ನ 77 ಜೋಡಿ ಅಕ್ಷರಗಳ ಒಂದು ಜೀನ್ ಅನ್ನು ಪೂರ್ಣವಾಗಿ ಸಂಶ್ಲೇಷಿಸಿದ್ದನ್ನು ಪ್ರಕಟಿಸಿದರು. ಎಂಐಟಿ ಸೇರಿದ ಮೇಲೆ, 1976ರಲ್ಲಿ, ಬ್ಯಾಕ್ಟೀರಿಯಾದೊಳಗೆ ನಿಜವಾಗಿ ಕೆಲಸ ಮಾಡುವ ಕೃತಕ ಜೀನ್ ಸಿದ್ಧವಾಯಿತು. ಆಮೇಲೆ, ಗೆದ್ದ ಕ್ಷೇತ್ರವನ್ನೇ ಬಿಟ್ಟು, ಕಣ್ಣು ಬೆಳಕನ್ನು ಗ್ರಹಿಸಲು ಬೇಕಾದ ರೋಡಾಪ್ಸಿನ್ ಪ್ರೋಟೀನಿನತ್ತ ಹೊರಳಿದರು. ನನಗೆ ಅವರಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಈ ಹೊರಳುವಿಕೆ.

2011ರ ನವೆಂಬರ್ 9ರಂದು ಅವರು ಮ್ಯಾಸಚೂಸೆಟ್ಸ್‌ನಲ್ಲಿ ತೀರಿಕೊಂಡರು. ಅವರ ಪ್ರಯೋಗಾಲಯದಲ್ಲಿ ಪಳಗಿದ ಕರುದರ್ಸ್ ರೂಪಿಸಿದ ವಿಧಾನದಿಂದ ಇಂದು ಯಂತ್ರಗಳು ಡಿಎನ್‌ಎ ತುಣುಕುಗಳನ್ನು ಗಂಟೆಗಳಲ್ಲಿ ಜೋಡಿಸುತ್ತವೆ. ಕೋವಿಡ್ ಕಾಲದಲ್ಲಿ ನಮ್ಮೂರಿನವರ ಮೂಗಿನಿಂದ ತೆಗೆದ ಮಾದರಿಯಲ್ಲಿ ಆರ್‌ಟಿಪಿಸಿಆರ್ ಪರೀಕ್ಷೆ ವೈರಾಣುವನ್ನು ಹುಡುಕಿದ್ದು ಅಂಥ ತುಣುಕುಗಳನ್ನು ಬಳಸಿಯೇ.